ಒಂದೇ ಬಂದೂಕು, ಮೂರು ಮರ

ನಾಗಸಂದ್ರ ಮೆಟ್ರೊ ನಿಲ್ದಾಣದಲ್ಲಿ ಇಳಿದು ತುಮಕೂರು ರಸ್ತೆಯಲ್ಲಿ ಪೀಣ್ಯದ ಕಡೆ ನಡೆದರೆ, ಬೆಳಗಿನ ಹೊತ್ತು ಬ್ಯಾಂಕಿನ ಮುಂದೆ ಹಣದ ವ್ಯಾನು ನಿಂತಿರುತ್ತದೆ. ಬಾಗಿಲ ಪಕ್ಕದಲ್ಲಿ ಗನ್‌ಮ್ಯಾನ್, ಹೆಚ್ಚಾಗಿ ಸೈನ್ಯದಿಂದ ನಿವೃತ್ತರಾದವರು. ದಾರಿಹೋಕರು ನಳಿಗೆ ನೋಡಿ ದೂರ ಸರಿಯುತ್ತಾರೆ. ನನ್ನ ಕಣ್ಣು ಹೋಗುವುದು ಮರಕ್ಕೆ. ಹೆಗಲಿಗೆ ಆನಿಸುವ ಬಟ್ಟು ಕಪ್ಪಗೆ ಮಿರುಗುತ್ತಿರುತ್ತದೆ, ಎಡಗೈ ಹಿಡಿಯುವ ಮುಂದಿನ ಮರ ಕೆಂಚಗಿರುತ್ತದೆ. ಎರಡೂ ಒಂದೇ ದಿಮ್ಮಿಯಿಂದ ಬಂದವಲ್ಲ ಎಂಬುದು ಒಂದೇ ನೋಟಕ್ಕೆ ಗೊತ್ತಾಗುತ್ತದೆ.

ಇವರ ಕೈಯಲ್ಲಿರುವುದು ಹನ್ನೆರಡು ಬೋರಿನ ತೋಟಾ ಕೋವಿ. ಸೇನೆಯ .303 ಲೀ-ಎನ್‌ಫೀಲ್ಡ್ ರೈಫಲಿಗೆ ಜನಸಾಮಾನ್ಯರಿಗೆ ಲೈಸೆನ್ಸ್ ಸಿಗುವುದಿಲ್ಲ. ಅದಕ್ಕೆಂದೇ ಬಂಗಾಳದ ಈಶಾಪುರದ ಸರ್ಕಾರಿ ಕಾರ್ಖಾನೆ ಅದೇ ಲೀ-ಎನ್‌ಫೀಲ್ಡ್ ಯಂತ್ರಭಾಗ ಇಟ್ಟುಕೊಂಡು .315 ರೈಫಲ್ ಮಾಡಿ ಮಾರಿತು. ಆದರೂ ‘ತ್ರೀ ನಾಟ್ ತ್ರೀ’ಯ ಪರಿಚಯ ನಮ್ಮವರಿಗೆ ಉಂಟು. ಎನ್‌ಸಿಸಿ ಪರೇಡಿನಲ್ಲಿ ಹೆಗಲು ನೋಯಿಸಿಕೊಂಡವರು ಬೇಕಾದಷ್ಟು ಮಂದಿ. 2008ರ ಮುಂಬೈ ದಾಳಿಯ ರಾತ್ರಿ ರೈಲು ನಿಲ್ದಾಣದಲ್ಲಿ ಪೊಲೀಸರ ಕೈಯಲ್ಲಿದ್ದದ್ದು ಇದೇ. ಉತ್ತರ ಪ್ರದೇಶ ಪೊಲೀಸರು ಇದನ್ನು ಬೀಳ್ಕೊಟ್ಟದ್ದು 2020ರ ಗಣರಾಜ್ಯೋತ್ಸವದಂದು. 1907ರಲ್ಲಿ ಬ್ರಿಟಿಷ್ ಸೇನೆಗೆ ಸೇರಿದ ಮಾದರಿ ನೂರು ವರ್ಷ ದಾಟಿ ದುಡಿಯಿತು. ಅಷ್ಟು ಕಾಲ ಉಕ್ಕು ಬಾಳುತ್ತದೆ, ಮರ ಬಾಳುವುದಿಲ್ಲ.

ಈ ರೈಫಲಿನ ಮರ ಒಂದೇ ತುಂಡಲ್ಲ. ಬಟ್ಟು ಬೇರೆ, ನಳಿಗೆಯ ಕೆಳಗೆ ಉದ್ದಕ್ಕೆ ಹೋಗುವ ಫೋರೆಂಡ್ ಬೇರೆ, ಕಾದ ನಳಿಗೆ ಕೈ ಸುಡದಂತೆ ಮೇಲೆ ಕೂರುವ ಹ್ಯಾಂಡ್‌ಗಾರ್ಡ್ ಬೇರೆ. ಅದರಲ್ಲೂ ಹಿಂದಿನದು, ಮುಂದಿನದು ಎಂದು ಎರಡು. ಬಟ್ಟಿನ ತುದಿಗೆ ಹಿತ್ತಾಳೆಯ ತಗಡು. ಅದರಲ್ಲಿನ ಪುಟ್ಟ ಮುಚ್ಚಳ ತೆರೆದರೆ ಒಳಗಿನ ಕುಳಿಯಲ್ಲಿ ಎಣ್ಣೆಯ ಕುಪ್ಪಿ, ನಳಿಗೆ ಒರೆಸುವ ಪುಲ್‌ಥ್ರೂ ದಾರ. ಬಟ್ಟಿನ ಉದ್ದವೂ ಎಲ್ಲರಿಗೂ ಒಂದೇ ಅಲ್ಲ. ಗಿಡ್ಡ ಸಿಪಾಯಿಗೆ ಗಿಡ್ಡ ಬಟ್ಟು, ಉದ್ದ ಕೈಯವನಿಗೆ ಉದ್ದದ್ದು. ಆಳು ಬದಲಾದರೆ ಬಟ್ಟೂ ಬದಲಾಗಬಹುದು ಎಂಬ ಲೆಕ್ಕದಲ್ಲೇ ಇದನ್ನು ಮಾಡಿದ್ದರು.

ಮರ ಒಡೆಯುವುದಕ್ಕೆ ಯುದ್ಧವೇ ಬೇಕೆಂದಿಲ್ಲ. ಬಟ್ಟನ್ನು ಹಿಡಿದಿಡುವುದು ಅದರೊಳಗೆ ಉದ್ದಕ್ಕೂ ಹಾಯುವ ಒಂದು ಬೋಲ್ಟು. ಅದರ ಚೌಕನೆಯ ತುದಿ ಫೋರೆಂಡಿನ ಹಿಂಬದಿಯಲ್ಲಿರುವ ತಗಡಿನೊಳಗೆ ಕೂತಿರುತ್ತದೆ. ಮೊದಲು ಫೋರೆಂಡ್ ಬಿಚ್ಚಬೇಕು, ಆಮೇಲೆ ಬೋಲ್ಟು ತಿರುಗಿಸಬೇಕು. ಕ್ರಮ ಗೊತ್ತಿಲ್ಲದವನು ನೇರವಾಗಿ ಬಟ್ಟಿಗೆ ಸ್ಕ್ರೂಡ್ರೈವರ್ ಹಾಕಿದರೆ ಆ ಚೌಕ ತುದಿ ತಿರುಗುತ್ತ ಫೋರೆಂಡನ್ನು ಸೀಳಿಬಿಡುತ್ತದೆ. ಶಸ್ತ್ರಾಗಾರದಲ್ಲಿ ಸುಮ್ಮನೆ ಕೂತಿದ್ದ ರೈಫಲಿಗೂ ಹೊಸ ಮರ ಬೇಕಾಗುವುದು ಹೀಗೆ.

ಇನ್ನೊಂದು ಪೆಟ್ಟು ಗುಂಡಿನದು. ಪ್ರತಿ ಗುಂಡಿಗೂ ಉಕ್ಕಿನ ದೇಹ ಹಿಂದಕ್ಕೆ ಒದೆಯುತ್ತದೆ, ಆ ಒದೆತ ಫೋರೆಂಡಿನೊಳಗಿನ ಎರಡು ಮೂಲೆಗಳ ಮೇಲೆ ಬೀಳುತ್ತದೆ. ಅಲ್ಲಿ ಮರ ಜಜ್ಜಿಹೋದರೆ ನಳಿಗೆ ಸಡಿಲ, ಗುರಿ ಹಾಳು. ಈಶಾಪುರದವರು ಇದಕ್ಕೊಂದು ಉಪಾಯ ಕಂಡುಕೊಂಡರು: ಮ್ಯಾಗಜಿನ್ನಿನ ಮುಂದೆ ಫೋರೆಂಡಿಗೆ ಅಡ್ಡಲಾಗಿ ಒಂದು ಸ್ಕ್ರೂ. ಜಗತ್ತಿನ ಯಾವ ಮೂಲೆಯಲ್ಲೇ ಇರಲಿ, ಆ ಸ್ಕ್ರೂ ಕಂಡರೆ ರೈಫಲಿಗೆ ಭಾರತದ ಕೈ ತಾಗಿದೆ ಎಂದು ಬಲ್ಲವರು ಹೇಳುತ್ತಾರೆ. ಗ್ರೆನೇಡ್ ಹಾರಿಸಲು ಬಳಸಿದ ರೈಫಲುಗಳ ಫೋರೆಂಡಿಗೆ ತಂತಿ ಬಿಗಿಯಾಗಿ ಸುತ್ತಿರುವುದೂ ಉಂಟು. ಒಡೆದಲ್ಲಿ ಮರದ ತೇಪೆ ಕೂರಿಸಿ, ಬೆಣೆ ಹೊಡೆದು, ಮಟ್ಟ ಮಾಡಿ ಮತ್ತೆ ಸೇವೆಗೆ ಕಳಿಸುತ್ತಿದ್ದರು. ಆ ತೇಪೆಗಳನ್ನು ಹತ್ತಿರದಿಂದ ನೋಡಬೇಕು. ಉಗುರು ಆಡಿಸಿದರೂ ಸಂದು ಸಿಗದ ಕೆಲಸ ಅದು.

ಬಣ್ಣ ಮಾತ್ರ ಹೊಂದುವುದಿಲ್ಲ. ಹೊಂದಿಸಲು ಯಾರೂ ಹೋಗಲಿಲ್ಲ. ಆಯುಧ ದುರಸ್ತಿ ಮಾಡುವ ಆರ್ಮರರ್‌ಗೆ ಬೇಕಿದ್ದದ್ದು ಮರ ಉಕ್ಕಿಗೆ ಸರಿಯಾಗಿ ಕೂರುವುದು. ಮಳೆಗಾಲದಲ್ಲಿ ಉಬ್ಬಿದ ಮರ ನಳಿಗೆಯನ್ನು ಒಂದು ಬದಿಗೆ ಒತ್ತಿದರೂ ಗುಂಡು ದಾರಿ ತಪ್ಪುತ್ತದೆ. ರಿಪೇರಿಗೆ ಬಂದ ರೈಫಲುಗಳನ್ನು ಪೂರ್ತಿ ಬಿಚ್ಚಿ, ಚೆನ್ನಾಗಿರುವ ಮರವನ್ನು ಒಂದೆಡೆ ರಾಶಿ ಹಾಕಿ, ಯಾವುದು ಸರಿಯಾಗಿ ಕೂರುತ್ತದೋ ಅದನ್ನು ಜೋಡಿಸುವುದು ಅನೇಕ ಸೇನೆಗಳ ಪದ್ಧತಿ. ಎರಡನೇ ಮಹಾಯುದ್ಧದ ನಂತರ ಸೋವಿಯತ್ ಕಾರ್ಖಾನೆಗಳು ಮೊಸಿನ್ ರೈಫಲುಗಳನ್ನು ಹೀಗೆಯೇ ಕಟ್ಟಿ, ಹೊಸ ನಂಬರು ಹೊಡೆದು ಉಗ್ರಾಣಕ್ಕೆ ಸೇರಿಸಿದವು. ಲೀ-ಎನ್‌ಫೀಲ್ಡಿನ ಮೂಲ ಮರ ಅಕ್ರೋಟು. ಯುದ್ಧಕಾಲದಲ್ಲಿ ಅದು ಸಾಲದೆ ಬ್ರಿಟನ್ ಬೀಚ್, ಬರ್ಚ್ ಮರಗಳಿಗೆ ಇಳಿಯಿತು; ಆಸ್ಟ್ರೇಲಿಯಾದ ಲಿತ್‌ಗೋ ಕಾರ್ಖಾನೆ ತನ್ನ ಕಾಡಿನ ಕೋಚ್‌ವುಡ್ ಬಳಸಿತು. ಮೇಲಿಂದ ವರ್ಷಗಟ್ಟಲೆ ಅಗಸೆ ಎಣ್ಣೆ, ಕೈಬೆವರು, ಬಿಸಿಲು. ಐವತ್ತು ವರ್ಷ ಎಣ್ಣೆ ಕುಡಿದ ಬಟ್ಟಿನ ಪಕ್ಕ ನಿನ್ನೆ ಹಾಕಿದ ಹ್ಯಾಂಡ್‌ಗಾರ್ಡ್ ಎದ್ದು ಕಾಣದೆ ಇನ್ನೇನು?

ಪೀಣ್ಯದಲ್ಲಿ ಫೌಂಡ್ರಿಗಳಿಗೆ ಮರದ ಪ್ಯಾಟರ್ನ್ ಮಾಡುವವರಿಗೆ ಇದನ್ನು ವಿವರಿಸಬೇಕಿಲ್ಲ. ಅಳತೆ ಮುಖ್ಯ, ಎಳೆಯ ದಿಕ್ಕು ಮುಖ್ಯ. ಬಣ್ಣದ ಮಾತು ಅವರ ಶೆಡ್ಡಿನಲ್ಲಿ ಕೇಳಿಬರುವುದಿಲ್ಲ. ಕೊಡಗಿನಲ್ಲಿ ಸೆಪ್ಟೆಂಬರ್ 3ರ ಕೈಲ್‌ಪೊಳ್ದಿನಂದು ಕೋವಿಯನ್ನು ಒರೆಸಿ, ತೋಕ್ ಪೂ ಎಂಬ ಹೂ ಮುಡಿಸಿ ಪೂಜೆಗಿಡುವ ಮನೆಗಳಲ್ಲೂ ಅಷ್ಟೆ. ಅಜ್ಜನ ಕಾಲದ ಕೋವಿಗೆ ಆಮೇಲೆ ಬಂದ ಮರ ಸೇರಿದ್ದರೆ ಅದು ಆ ಮನೆಯ ಬಾಳಿನ ಭಾಗ.

ನನ್ನ ಬೇಸರ ಇರುವುದು ಬೇರೆ ಕಡೆ. ಪ್ರದರ್ಶನಕ್ಕಿಟ್ಟ, ಇಲ್ಲವೇ ನಿಷ್ಕ್ರಿಯಗೊಳಿಸಿ ಗೋಡೆಗೆ ತೂಗುಹಾಕಿದ ಹಳೆಯ ರೈಫಲುಗಳನ್ನು ‘ಚೆಂದ’ ಮಾಡುವ ಹುಮ್ಮಸ್ಸಿನಲ್ಲಿ ಉಪ್ಪುಕಾಗದ ಉಜ್ಜಿ, ಮೂರೂ ಮರಕ್ಕೆ ಒಂದೇ ಕೆಂಪು ವಾರ್ನಿಷ್ ಬಳಿಯುತ್ತಾರೆ. ಕಾರ್ಖಾನೆಯ ಮುದ್ರೆ, ರಿಪೇರಿಯ ಗುರುತು, ಬಟ್ಟಿನ ಅಳತೆಯ ಅಕ್ಷರ, ಪರೇಡಿಗಷ್ಟೇ ಮೀಸಲೆಂದು ಒತ್ತಿದ ‘ಡಿ.ಪಿ.’ ಎಂಬ ಗುರುತು, ಇವೆಲ್ಲ ಮರದ ಮೇಲ್ಮೈಯಲ್ಲೇ ಇರುವಂಥವು. ಒಂದು ಮಿಲಿಮೀಟರ್ ತೆಗೆದರೆ ಸಾಕು, ಹೋಗಿಬಿಡುತ್ತವೆ. ಸೈನ್ಯದ ಬಡಗಿಯ ಹೆಸರು ಯಾವ ಕಡತದಲ್ಲೂ ಸಿಗುವುದಿಲ್ಲ; ಅವನ ಕೆಲಸಕ್ಕೆ ಇರುವ ಸಾಕ್ಷಿ ಆ ತೇಪೆ, ಆ ಹೊಂದದ ಬಣ್ಣ. ಅದನ್ನು ಉಜ್ಜಿ ಅಳಿಸುವ ಹಕ್ಕು ನಮಗಿಲ್ಲ ಎಂದೇ ನನ್ನ ನಂಬಿಕೆ.

ಒಣ ಬಟ್ಟೆಯಲ್ಲಿ ಧೂಳು ಒರೆಸಿ, ತೀರಾ ಒಣಗಿದ್ದರೆ ಅಗಸೆ ಎಣ್ಣೆಯನ್ನು ತೆಳುವಾಗಿ ಸವರಿದರೆ ಆಯಿತು. ಯಾವ ಮರವೆಂದು ತಿಳಿಯಬೇಕಿದ್ದರೆ ಮಲ್ಲೇಶ್ವರ 18ನೇ ಕ್ರಾಸಿನಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯೇ ಇದೆ. ಅಡ್ಡ ಕೊಯ್ದ ತುದಿಯನ್ನು ಭೂತಗನ್ನಡಿಯಲ್ಲಿ ನೋಡಿದರೆ, ಉದಾಹರಣೆಗೆ, ತೇಗದ ರಂಧ್ರಗಳು ವರ್ಷದ ಉಂಗುರಕ್ಕೆ ಸಾಲುಗಟ್ಟಿರುತ್ತವೆ, ಬೀಚಿನವು ಎಲ್ಲೆಡೆ ಸಮನಾಗಿ ಹರಡಿರುತ್ತವೆ. ವಸ್ತುಸಂಗ್ರಹಾಲಯಗಳ ಚೀಟಿಯಲ್ಲಿ ‘.303 ರೈಫಲ್’ ಎಂದಷ್ಟೇ ಬರೆದು ಬಿಡದೆ, ಬಟ್ಟು ಯಾವ ಮರ, ಫೋರೆಂಡ್ ಯಾವ ಮರ, ರಿಪೇರಿ ಎಲ್ಲಿ ಆಗಿದೆ ಎಂದು ಇನ್ನೆರಡು ಸಾಲು ಸೇರಿಸಬೇಕು. ನೋಡಲು ಹೋದವರು ಸ್ವಲ್ಪ ಬಾಗಿ, ಫೋರೆಂಡಿನ ಅಡಿಯಲ್ಲಿ ನಳಿಗೆಯ ಬಾಯಿಗೆ ಹತ್ತಿರ ಒತ್ತಿರುವ ನಂಬರನ್ನೂ ಉಕ್ಕಿನ ಮೇಲಿರುವ ನಂಬರನ್ನೂ ಹೋಲಿಸಿ ನೋಡಲಿ. ಎರಡೂ ಬೇರೆಯಾಗಿದ್ದರೆ ಆ ಮರ ಇನ್ನೊಂದು ರೈಫಲಿನಿಂದ ಬಂದದ್ದು. ಹಳೆಯ ನಂಬರನ್ನು ಗೆರೆ ಎಳೆದು ಹೊಡೆದು ಪಕ್ಕದಲ್ಲಿ ಹೊಸದನ್ನು ಒತ್ತಿದ್ದರೆ, ಅದು ಹಿಂದೆ ಯಾವ ರೈಫಲಿನಲ್ಲಿ ಇತ್ತು ಎಂಬುದೂ ಅಲ್ಲೇ ಬರೆದಿರುತ್ತದೆ.