ಸಮ್ಮಿಳನ ಯಂತ್ರದ ಧೂಳಿಗೆ ವಿದ್ಯುತ್ ಅಂಟುವ ಬಗೆ

ಆಕ್ಸ್‌ಫರ್ಡ್‌ಶೈರಿನ ಕಲ್ಹ್ಯಾಮ್ ಎಂಬ ಹಳ್ಳಿಯ ಬಳಿ ‘ಜೆಟ್’ ಹೆಸರಿನ ಸಮ್ಮಿಳನ ಯಂತ್ರವೊಂದು 1983ರಿಂದ 2023ರ ಡಿಸೆಂಬರ್‌ವರೆಗೆ ಕೆಲಸ ಮಾಡಿತು. ಹೈಡ್ರೋಜನ್ನಿನ ಭಾರವಾದ ರೂಪಗಳಾದ ಡ್ಯುಟೀರಿಯಂ ಮತ್ತು ಟ್ರಿಷಿಯಂ ಪರಮಾಣುಗಳ ಬೀಜಗಳನ್ನು ಬೆಸೆದು ಶಕ್ತಿ ಪಡೆಯಲು ಸಾಧ್ಯವೇ ಎಂದು ನೋಡುವುದು ಅದರ ಕೆಲಸ. ಕೊನೆಯ ವರ್ಷದ ಪ್ರಯೋಗವೊಂದರಲ್ಲಿ 0.2 ಮಿಲಿಗ್ರಾಂ ಇಂಧನದಿಂದ 69 ಮೆಗಾಜೂಲ್ ಶಕ್ತಿ ಬಂದದ್ದನ್ನು ಪತ್ರಿಕೆಗಳಲ್ಲಿ ನೀವೂ ಓದಿರಬಹುದು. ಅದರೊಳಗಿನ ಧೂಳು ಮಾತ್ರ ಸುದ್ದಿಯಾಗಲಿಲ್ಲ. ಉಸಿರಿನ ಕಾಯಿಲೆಗಳನ್ನು ನೋಡುತ್ತಲೇ ವೃತ್ತಿ ಕಳೆದ ನನಗೆ ಕುತೂಹಲ ಹುಟ್ಟಿದ್ದು ಆ ಧೂಳಿನ ಬಗ್ಗೆಯೇ.

ಹದಿನೈದು ಕೋಟಿ ಡಿಗ್ರಿ ಬಿಸಿಯ ಅನಿಲವಿರುವ ಕಡೆ ಧೂಳೆಲ್ಲಿಂದ ಬರಬೇಕು ಎಂದು ಕೇಳಬಹುದು. ಆ ಬಿಸಿ ನಡುಭಾಗದಲ್ಲಿ ಮಾತ್ರ. ಕಾಂತಕ್ಷೇತ್ರ ಹಿಡಿದಿಟ್ಟ ಪ್ಲಾಸ್ಮಾದ ಅಂಚು ಅದಕ್ಕಿಂತ ಬಹಳ ತಣ್ಣಗಿರುತ್ತದೆ; ಆದರೂ ಅದು ಗೋಡೆಯನ್ನು ಸವೆಸುತ್ತಲೇ ಇರುತ್ತದೆ. ಸವೆದ ಲೋಹ ಬೇರೆಡೆ ಪದರವಾಗಿ ಕೂತು, ಮುಂದೆ ಹಳೆಯ ಸುಣ್ಣದ ಗೋಡೆಯಂತೆ ಚಕ್ಕೆಯೇಳುತ್ತದೆ. ಪ್ಲಾಸ್ಮಾ ಹಿಡಿತ ತಪ್ಪಿ ಗೋಡೆಗೆ ಬಡಿದಾಗ ಲೋಹ ಕರಗಿ ಹನಿಯಾಗಿ ಸಿಡಿಯುವುದೂ ಉಂಟು. ಹೀಗೆ ಹುಟ್ಟುವ ಕಣಗಳ ಗಾತ್ರ ಮೈಕ್ರಾನಿನ ಒಂದು ಅಂಶದಿಂದ ಹತ್ತಾರು ಮೈಕ್ರಾನ್‌ವರೆಗೆ. ದಕ್ಷಿಣ ಫ್ರಾನ್ಸಿನಲ್ಲಿ ಭಾರತವೂ ಪಾಲುದಾರನಾಗಿ ಕಟ್ಟುತ್ತಿರುವ ‘ಇಟರ್’ ಯಂತ್ರದ ಒಳಗೆ ಧೂಳು ಒಂದು ಟನ್ ಮೀರಕೂಡದೆಂದು ಮಿತಿ ಹಾಕಿದ್ದಾರೆ.

ಈ ಕಣಕ್ಕೆ ವಿದ್ಯುತ್ ಹೇಗೆ ಬರುತ್ತದೆ? ಪ್ಲಾಸ್ಮಾ ಎಂದರೆ ಪರಮಾಣುಗಳಿಂದ ಕಿತ್ತುಬಂದ ಎಲೆಕ್ಟ್ರಾನುಗಳು ಮತ್ತು ಉಳಿದ ಧನ ಅಯಾನುಗಳು ಒಟ್ಟಿಗೆ ಓಡಾಡುವ ಅನಿಲ. ಎರಡರ ಸಂಖ್ಯೆ ಸಮ. ವೇಗ ಮಾತ್ರ ಸಮವಲ್ಲ. ಡ್ಯುಟೀರಿಯಂ ಅಯಾನು ಎಲೆಕ್ಟ್ರಾನಿಗಿಂತ ಸುಮಾರು 3,670 ಪಟ್ಟು ಭಾರ. ಆದ್ದರಿಂದ ಒಂದೇ ಉಷ್ಣತೆಯಲ್ಲಿ ಎಲೆಕ್ಟ್ರಾನು ಅದಕ್ಕಿಂತ 60 ಪಟ್ಟು ಬೇಗ ಓಡುತ್ತದೆ. ನಮ್ಮ ಯುಗಾದಿ ಊಟಕ್ಕೆ ಬಾಗಿಲು ತೆರೆದ ಕೂಡಲೇ ಹುಡುಗರು ನುಗ್ಗಿ ಕುರ್ಚಿ ಹಿಡಿಯುತ್ತಾರಲ್ಲ, ಹಾಗೆ ಧೂಳಿನ ಕಣದ ಮೇಲೆ ಮೊದಲು ಬಂದು ಕೂರುವವು ಎಲೆಕ್ಟ್ರಾನುಗಳು. ಕಣ ಋಣಾವೇಶ ಪಡೆಯುತ್ತದೆ. ಆಮೇಲೆ ಬರುವ ಎಲೆಕ್ಟ್ರಾನುಗಳನ್ನು ಅದು ದೂಡತೊಡಗುತ್ತದೆ, ಅಯಾನುಗಳನ್ನು ಸೆಳೆಯತೊಡಗುತ್ತದೆ. ಬರುವ ಋಣ, ಬರುವ ಧನ ಎರಡೂ ಸಮವಾದಾಗ ಲೆಕ್ಕ ನಿಲ್ಲುತ್ತದೆ.

ಅಂಚಿನ ಪ್ಲಾಸ್ಮಾದಲ್ಲಿ ಉಷ್ಣತೆ 10 ಎಲೆಕ್ಟ್ರಾನ್ ವೋಲ್ಟ್, ಅಂದರೆ ಸುಮಾರು ಒಂದು ಲಕ್ಷ ಹದಿನಾರು ಸಾವಿರ ಡಿಗ್ರಿ, ಇದೆಯೆಂದುಕೊಳ್ಳಿ. ಆಗ ಕಣ ಸುತ್ತಲಿನ ಪ್ಲಾಸ್ಮಾಕ್ಕಿಂತ ಇಪ್ಪತ್ತೈದು ವೋಲ್ಟಿನಷ್ಟು ಕೆಳಗೆ ನಿಲ್ಲುತ್ತದೆ. ಒಂದು ಮೈಕ್ರಾನ್ ತ್ರಿಜ್ಯದ ಗೋಳಕ್ಕೆ ಪ್ರತಿ ವೋಲ್ಟಿಗೆ ಸುಮಾರು 700 ಎಲೆಕ್ಟ್ರಾನ್ ಬೇಕು. ಒಟ್ಟು ಹದಿನೇಳು ಸಾವಿರದಷ್ಟು. ಇದೆಲ್ಲ ಮೈಕ್ರೊಸೆಕೆಂಡಿನ ಒಂದು ಸಣ್ಣ ಪಾಲಿನಲ್ಲಿ ಮುಗಿಯುತ್ತದೆ.

ಈ ಲೆಕ್ಕದ ಮೂಲ ಸೂತ್ರ ಹಳೆಯದು. 1926ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಪ್ರಯೋಗಾಲಯದ ಮಾಟ್-ಸ್ಮಿತ್ ಮತ್ತು ಇರ್ವಿಂಗ್ ಲ್ಯಾಂಗ್‌ಮ್ಯೂರ್, ಅನಿಲದೊಳಗೆ ತೂರಿಸಿದ ಸಣ್ಣ ಲೋಹದ ಕಡ್ಡಿಗೆ ಎಷ್ಟು ವಿದ್ಯುತ್ ಹರಿದು ಬರುತ್ತದೆಂದು ತಿಳಿಯಲು ಅದನ್ನು ಕಟ್ಟಿದರು. ಎರಡು ವರ್ಷದ ನಂತರ ‘ಪ್ಲಾಸ್ಮಾ’ ಎಂಬ ಹೆಸರು ಕೊಟ್ಟವರೂ ಲ್ಯಾಂಗ್‌ಮ್ಯೂರ್. ರಕ್ತದ ಪ್ಲಾಸ್ಮಾ ಕಣಗಳನ್ನು ಹೊತ್ತು ಸಾಗುವುದು ಅವರ ಮನಸ್ಸಿನಲ್ಲಿತ್ತೆಂದು ಮಾಟ್-ಸ್ಮಿತ್ ಮುಂದೆ ನೆನಪಿಸಿಕೊಂಡಿದ್ದಾರೆ. ವೈದ್ಯನಾಗಿ ಹೇಳುವುದಾದರೆ, ಧೂಳು ಸೇರಿದ ಪ್ಲಾಸ್ಮಾಕ್ಕೇ ಆ ಹೋಲಿಕೆ ಹೆಚ್ಚು ಒಪ್ಪುತ್ತದೆ. ನಮ್ಮ ಕೆಂಪು ರಕ್ತಕಣಗಳ ಮೈಮೇಲೂ ಸಿಯಾಲಿಕ್ ಆಮ್ಲದಿಂದಾಗಿ ಋಣಾವೇಶವಿದೆ. ಒಂದನ್ನೊಂದು ದೂಡುವುದರಿಂದಲೇ ಅವು ಗುಂಪುಗಟ್ಟದೆ ಹರಿಯುತ್ತವೆ. ಸೋಂಕಿನಲ್ಲಿ ರಕ್ತದ ಫೈಬ್ರಿನೋಜನ್ ಹೆಚ್ಚಿ ಆ ವಿಕರ್ಷಣೆ ಸೋತಾಗ ಕಣಗಳು ನಾಣ್ಯದ ಗಂಟಿನಂತೆ ಅಂಟಿಕೊಂಡು ಬೇಗ ತಳಕ್ಕಿಳಿಯುತ್ತವೆ. ಇ.ಎಸ್.ಆರ್. ಪರೀಕ್ಷೆ ಅಳೆಯುವುದು ಇದನ್ನೇ.

ಮತ್ತೆ ಯಂತ್ರದೊಳಗೆ ಬರೋಣ. ಅಲ್ಲಿ 1926ರ ಸೂತ್ರ ಹಾಗೆಹಾಗೇ ನಡೆಯುವುದಿಲ್ಲ. ಐದು ಟೆಸ್ಲಾ ಕಾಂತಕ್ಷೇತ್ರದಲ್ಲಿ, ನಾವು ಹಿಡಿದ ಉಷ್ಣತೆಯ ಎಲೆಕ್ಟ್ರಾನು ಸುಮಾರು ಎರಡು ಮೈಕ್ರಾನ್ ತ್ರಿಜ್ಯದಲ್ಲಿ ಸುತ್ತುತ್ತದೆ, ಅಂದರೆ ಧೂಳಿನ ಕಣದಷ್ಟೇ ಅಗಲಕ್ಕೆ. ದೊಡ್ಡ ಕಣಕ್ಕೆ ಅದು ಎಲ್ಲ ದಿಕ್ಕಿನಿಂದ ಬರಲಾರದು, ಕ್ಷೇತ್ರರೇಖೆಯ ಗುಂಟವೇ ಬರಬೇಕು. ಹಾಗಾಗಿ ಋಣಾವೇಶ ಲೆಕ್ಕಕ್ಕಿಂತ ಕಡಿಮೆಯಾಗುತ್ತದೆ.

ಇನ್ನೂ ದೊಡ್ಡ ತೊಡಕು ಬಿಸಿಯದು. ಬಡಿಯುವ ಅಯಾನು, ಎಲೆಕ್ಟ್ರಾನುಗಳಿಂದ ಕಣ ಕಾದು ಹೊಳೆಯತೊಡಗುತ್ತದೆ. ಟಂಗ್‌ಸ್ಟನ್ ಕರಗುವುದು 3,422 ಡಿಗ್ರಿಗೆ. ಅದಕ್ಕೆ ಮೊದಲೇ ಅದು ಎಲೆಕ್ಟ್ರಾನುಗಳನ್ನು ತಾನಾಗಿ ಹೊರಚೆಲ್ಲಲು ಶುರುಮಾಡುತ್ತದೆ. ಹಳೆಯ ರೇಡಿಯೋ ವಾಲ್ವುಗಳು ನಡೆಯುತ್ತಿದ್ದುದು ಈ ಗುಣದಿಂದಲೇ. ಹೊರಹೋಗುವುದು ಒಳಬರುವುದನ್ನು ಮೀರಿದಾಗ ಕಣದ ಋಣಾವೇಶ ಕರಗಿ, ಅದು ಕೆಲವೇ ವೋಲ್ಟಿನಷ್ಟು ಧನವಾಗುತ್ತದೆ. ಆವರೆಗೆ ಎಲೆಕ್ಟ್ರಾನುಗಳನ್ನು ತಡೆದಿದ್ದ ಬೇಲಿ ಬಿದ್ದಂತಾಯಿತು. ಅವು ಈಗ ಅಡ್ಡಿಯಿಲ್ಲದೆ ನುಗ್ಗಿ ಕಣವನ್ನು ಇನ್ನಷ್ಟು ಕಾಯಿಸುತ್ತವೆ, ಕಾದಂತೆ ಅದು ಇನ್ನಷ್ಟು ಚೆಲ್ಲುತ್ತದೆ. ಕಣ ಎಷ್ಟು ಹೊತ್ತು ಬಾಳುತ್ತದೆ, ಎಷ್ಟು ಒಳಗೆ ಹೋಗಿ ಆವಿಯಾಗುತ್ತದೆ ಎಂಬುದು ಈ ತಿರುವನ್ನು ಬಹಳವಾಗಿ ನೆಚ್ಚಿಕೊಂಡಿದೆ. ಅಷ್ಟು ಸಣ್ಣ ಕಣ ಒಳಹೋದರೆ ಏನಾದೀತು ಎನ್ನುವಂತಿಲ್ಲ. ಟಂಗ್‌ಸ್ಟನ್ ಪರಮಾಣು ಎಷ್ಟು ಬಿಸಿಯಲ್ಲೂ ತನ್ನ ಎಲ್ಲ ಎಲೆಕ್ಟ್ರಾನುಗಳನ್ನು ಬಿಟ್ಟುಕೊಡದೆ ಎಕ್ಸ್-ಕಿರಣ ಸೂಸುತ್ತ ಪ್ಲಾಸ್ಮಾವನ್ನು ತಣಿಸುತ್ತದೆ. ಇಂಧನದ ಹತ್ತು ಸಾವಿರ ಕಣಕ್ಕೆ ಒಂದು ಸೇರಿದರೂ ಸಮ್ಮಿಳನ ಉರಿಯುವುದೇ ಕಷ್ಟ.

ಯಂತ್ರ ಆರಿದ ಮೇಲೆ ಧೂಳಿನ ವಿದ್ಯುತ್ತೂ ಆರುತ್ತದೆಂದು ಭಾವಿಸುವುದು ಸಹಜ. ಆದರೆ ಧೂಳು ಟ್ರಿಷಿಯಂ ಹೀರಿಕೊಂಡಿರುತ್ತದೆ. ಅದರ ಅರ್ಧಾಯುಷ್ಯ 12.3 ವರ್ಷ. ಟ್ರಿಷಿಯಂ ಕ್ಷಯಿಸಿದಾಗ ಹೊರಬೀಳುವುದು ಎಲೆಕ್ಟ್ರಾನು. ಅದು ಕಣ ಬಿಟ್ಟು ಹೋದರೆ ಹಿಂದೆ ಧನಾವೇಶ ಉಳಿಯುತ್ತದೆ. ಅಂದರೆ ಈ ಧೂಳು ಪ್ಲಾಸ್ಮಾ ಇಲ್ಲದೆಯೂ ತನಗೆ ತಾನೇ ವಿದ್ಯುತ್ ತುಂಬಿಕೊಳ್ಳಬಲ್ಲದು; ಗೋಡೆಗೆ ಅಂಟಬಲ್ಲದು, ಮೇಲೇಳಬಲ್ಲದು.

ಇಲ್ಲಿಂದ ವಿಷಯ ನಮ್ಮ ವೃತ್ತಿಗೆ ಬರುತ್ತದೆ. 2011ರಿಂದ ಜೆಟ್‌ನ ಒಳಗೋಡೆಯ ಬಹುಭಾಗ ಬೆರಿಲಿಯಂ. ಅದರ ಧೂಳಿಗೆ ಒಗ್ಗದವರ ಶ್ವಾಸಕೋಶದಲ್ಲಿ ಗಂಟುಗಳೆದ್ದು, ಮೇಲ್ನೋಟಕ್ಕೆ ಸಾರ್ಕಾಯ್ಡೋಸಿಸ್‌ನಂತೆ ಕಾಣುವ ದೀರ್ಘ ಕಾಯಿಲೆ ಬರುತ್ತದೆ. ಇಟರ್‌ನವರು 2023ರಲ್ಲಿ ಬೆರಿಲಿಯಂ ಬಿಟ್ಟು ಟಂಗ್‌ಸ್ಟನ್ ಗೋಡೆಯತ್ತ ತಿರುಗಿದ್ದು ಈ ದೃಷ್ಟಿಯಿಂದ ನನಗೆ ಸಮಾಧಾನ ತಂದಿತು. ಟಂಗ್‌ಸ್ಟನ್ ನೀರಿಗಿಂತ 19 ಪಟ್ಟು ಸಾಂದ್ರ. ಒಂದು ಮೈಕ್ರಾನಿನ ಕಣ ಉಸಿರುನಾಳದಲ್ಲಿ ನಾಲ್ಕೂವರೆ ಮೈಕ್ರಾನಿನ ನೀರ ಹನಿಯಂತೆ ನಡೆದುಕೊಂಡು ಹೆಚ್ಚಾಗಿ ಮೇಲೆಯೇ ಸಿಕ್ಕಿಬೀಳುತ್ತದೆ. ಅದಕ್ಕಿಂತ ಸಣ್ಣವು ಗಾಳಿಚೀಲದವರೆಗೆ ಇಳಿಯುತ್ತವೆ. ಆವೇಶವುಳ್ಳ ಕಣ ಉಸಿರಿನೊಂದಿಗೆ ಹೊರಬರುವುದಕ್ಕಿಂತ ನಾಳದ ಗೋಡೆಗೆ ಅಂಟುವುದು ಹೆಚ್ಚು.

ಟ್ರಿಷಿಯಂ ನೀರಿನ ರೂಪದಲ್ಲಿ ದೇಹ ಸೇರಿದರೆ ಸುಮಾರು ಹತ್ತು ದಿನಕ್ಕೆ ಅರ್ಧ ಹೊರಹೋಗುತ್ತದೆ. ಹೆಚ್ಚು ನೀರು ಕುಡಿಸಿದರೆ ಇನ್ನೂ ಬೇಗ. ಲೋಹದ ಕಣದೊಳಗೆ ಕೂತ ಟ್ರಿಷಿಯಂ ಹೀಗಲ್ಲ. ಕಣ ಕರಗಿದಷ್ಟೇ ಅದು ರಕ್ತಕ್ಕೂ ಮೂತ್ರಕ್ಕೂ ಬರುತ್ತದೆ. ಆದ್ದರಿಂದ ಅಲ್ಲಿ ಕೆಲಸ ಮಾಡಿದವರ ಮೂತ್ರ ಪರೀಕ್ಷೆಯ ಅಂಕಿಯನ್ನು ಓದುವ ವೈದ್ಯರಿಗೆ, ಅವರು ಉಸಿರಾಡಿದ್ದು ಆವಿಯನ್ನೋ ಧೂಳನ್ನೋ, ಧೂಳಾದರೆ ಯಾವ ಲೋಹದ್ದು, ಎಷ್ಟು ಸಣ್ಣದು ಎಂಬುದು ಮೊದಲು ಗೊತ್ತಿರಬೇಕಾಗುತ್ತದೆ.