ಕಂಪನಿಗೊಂದು ಗೇಲಿ ಹೆಸರು

ಮೈಕ್ರೋಸಾಫ್ಟ್ ಎಂದು ಇಂಗ್ಲಿಷಿನಲ್ಲಿ ಬರೆಯುವಾಗ ನಡುವಿನ ‘ಎಸ್’ ಅಕ್ಷರ ತೆಗೆದು ಅಲ್ಲಿ ಡಾಲರ್ ಚಿಹ್ನೆ ಕೂರಿಸುವುದು ತೊಂಬತ್ತರ ದಶಕದ ಇಂಟರ್ನೆಟ್ಟಿನಲ್ಲಿ ದೊಡ್ಡ ಚಟವಾಗಿತ್ತು. ವಿಂಡೋಸ್ ನಿಧಾನವೆಂದು ತೂಕಡಿಕೆ ಬೆರೆಸಿ ‘ವಿಂಡೋಜ್’ ಎಂದರು. ಪದೇಪದೇ ಕೈಕೊಡುವ ಇಂಟರ್ನೆಟ್ ಎಕ್ಸ್‌ಪ್ಲೋರರ್ ‘ಎಕ್ಸ್‌ಪ್ಲೋಡರ್’ ಆಯಿತು. ಹೀಗೆ ಯಾರಾದರೂ ಬರೆದರೆ ಸಾಕು, ಜಗಳ ಶುರು. ಇದು ಹುಡುಗಾಟಿಕೆ, ಇದರಿಂದ ನಮ್ಮ ವಾದಕ್ಕೇ ಬೆಲೆ ಹೋಗುತ್ತದೆ ಎಂದು ಕೆಲವರು. ಅಷ್ಟು ದುಡ್ಡು, ಅಷ್ಟು ವಕೀಲರಿರುವ ಕಂಪನಿಯ ಎದುರು ನಮಗೆ ಇನ್ನೇನು ಆಯುಧ ಉಳಿದಿದೆ ಎಂದು ಉಳಿದವರು. ಅಷ್ಟರಲ್ಲಿ ಮೂಲ ತಕರಾರು ಏನಿತ್ತೆಂಬುದೇ ಮರೆತುಹೋಗುತ್ತಿತ್ತು.

ಗೇಲಿ ಮಾಡಬಹುದೇ ಬಾರದೇ ಎಂದು ಹೀಗೆ ಗಂಟೆಗಟ್ಟಲೆ ಕಾದಾಡಿದವರಲ್ಲಿ, ಆ ಹೆಸರು ಕಂಪನಿಯ ಮೇಲೆ ಯಾವ ಆರೋಪ ಹೊರಿಸುತ್ತದೆ ಎಂದು ಕೇಳಿದವರು ಕಡಿಮೆ. ನನಗೆ ಮುಖ್ಯವೆನಿಸುವುದು ಅದೇ. ಡಾಲರ್ ಚಿಹ್ನೆ ಹೇಳುವುದಿಷ್ಟು: ಇವರಿಗೆ ದುಡ್ಡಿನಾಸೆ. ದುಡ್ಡಿನಾಸೆ ಇಲ್ಲದ ಕಂಪನಿ ಎಲ್ಲಿದೆ?

ಇದರ ಪಕ್ಕದಲ್ಲಿ ಮಧ್ಯ ಅಮೆರಿಕದ ಜನ ಇಟ್ಟ ಒಂದು ಹೆಸರನ್ನು ನೋಡಿ. 1899ರಲ್ಲಿ ಹುಟ್ಟಿದ ಅಮೆರಿಕದ ಬಾಳೆಹಣ್ಣಿನ ಕಂಪನಿ ಯುನೈಟೆಡ್ ಫ್ರೂಟ್. ಅಲ್ಲಿನವರು ಅದನ್ನು ಕರೆದದ್ದು ‘ಎಲ್ ಪುಲ್ಪೊ’, ಅಂದರೆ ಆಕ್ಟೋಪಸ್. ಗ್ವಾಟೆಮಾಲಾದಲ್ಲಿ ಬಾಳೆ ತೋಟ ಅದರದ್ದು. ಹಣ್ಣು ಸಾಗಿಸುವ ರೈಲು ಅದರ ಹಿಡಿತದಲ್ಲಿ. ರೈಲು ಹೋಗಿ ನಿಲ್ಲುವ ಪುಯೆರ್ಟೊ ಬಾರಿಯೋಸ್ ಬಂದರು ಅದರ ಹಿಡಿತದಲ್ಲಿ. ಬಂದರಿನಿಂದ ಹೊರಡುವ ಹಡಗುಗಳೂ ಅದರವೇ. ಬೇರೆ ಬೆಳೆಗಾರ ತನ್ನ ಬೆಳೆಯನ್ನು ಹೊರದೇಶಕ್ಕೆ ಕಳಿಸಬೇಕೆಂದರೂ ಈ ಕಂಪನಿಯ ಕೈ ದಾಟಿಯೇ ಹೋಗಬೇಕಿತ್ತು. ಒಂದೊಂದು ಕೈ ಎಲ್ಲೆಲ್ಲಿ ಚಾಚಿದೆ ಎಂದು ತೋಟದ ಕೂಲಿಯವನೂ ಬೆರಳು ಮಡಿಸಿ ಹೇಳಬಹುದಿತ್ತು.

1952ರಲ್ಲಿ ಗ್ವಾಟೆಮಾಲಾದ ಅಧ್ಯಕ್ಷ ಹಾಕೋಬೊ ಆರ್ಬೆನ್ಸ್ ಭೂಸುಧಾರಣೆ ಕಾನೂನು ತಂದು, ದೊಡ್ಡ ಹಿಡುವಳಿಗಳಲ್ಲಿ ಪಾಳುಬಿದ್ದ ಜಮೀನನ್ನು ಭೂಮಿಯಿಲ್ಲದವರಿಗೆ ಹಂಚಲು ಹೊರಟರು. ಕಂಪನಿಯಿಂದ ವಶಪಡಿಸಿಕೊಂಡ ಜಮೀನಿಗೆ, ತೆರಿಗೆಗಾಗಿ ಕಂಪನಿಯೇ ತೋರಿಸಿದ್ದ ಬೆಲೆಯಂತೆ ಪರಿಹಾರ ಲೆಕ್ಕ ಹಾಕಿದಾಗ ಬಂದದ್ದು ಸುಮಾರು 6.27 ಲಕ್ಷ ಡಾಲರ್. 1954ರಲ್ಲಿ ಕಂಪನಿಯ ಪರವಾಗಿ ಅಮೆರಿಕದ ವಿದೇಶಾಂಗ ಇಲಾಖೆ ಕೇಳಿದ್ದು ಸುಮಾರು 1.58 ಕೋಟಿ. ತೆರಿಗೆ ಕಟ್ಟುವಾಗ ಒಂದು ಬೆಲೆ, ಪರಿಹಾರ ಪಡೆಯುವಾಗ ಇನ್ನೊಂದು! ಅದೇ ವರ್ಷ ಜೂನ್‌ನಲ್ಲಿ ಸಿಐಎ ಹೂಡಿದ ಸಂಚಿನಲ್ಲಿ ಆರ್ಬೆನ್ಸ್ ಅಧಿಕಾರ ಕಳೆದುಕೊಂಡರು. ಜಮೀನು ಕಂಪನಿಗೆ ವಾಪಸಾಯಿತು. ಆಕ್ಟೋಪಸ್ ಎಂಬ ಹೆಸರು ಹುಡುಗಾಟಿಕೆಯೆಂದು ಈ ಕಥೆ ತಿಳಿದ ಯಾರೂ ಹೇಳಲಾರರು.

ಗೇಲಿ ಗುರಿ ತಪ್ಪುವುದೂ ಉಂಟು. ಸಂಬಳ ಕಡಿಮೆ, ಮುಂದೆ ಬಡ್ತಿಯಿಲ್ಲ, ಅಂಥ ಕೆಲಸಕ್ಕೆ ಅಮೆರಿಕದಲ್ಲಿ ‘ಮೆಕ್‌ಜಾಬ್’ ಎನ್ನುತ್ತಾರೆ. 1986ರಲ್ಲಿ ಸಮಾಜಶಾಸ್ತ್ರಜ್ಞ ಅಮಿತಾಯ್ ಎಟ್ಜಿಯೋನಿ ಈ ಮಾತನ್ನು ಪತ್ರಿಕಾ ಲೇಖನವೊಂದರಲ್ಲಿ ಬಳಸಿದ್ದರು. 2003ರಲ್ಲಿ ಮೆರಿಯಮ್–ವೆಬ್‌ಸ್ಟರ್ ನಿಘಂಟು ಅದನ್ನು ಸೇರಿಸಿಕೊಂಡಾಗ ಮೆಕ್‌ಡೊನಾಲ್ಡ್ಸ್ ಮುಖ್ಯಸ್ಥರು ಬಹಿರಂಗ ಪತ್ರ ಬರೆದು ಪ್ರತಿಭಟಿಸಿದರು. 2007ರಲ್ಲಿ ಬ್ರಿಟನ್ನಿನಲ್ಲಿ ಆಕ್ಸ್‌ಫರ್ಡ್ ನಿಘಂಟಿನ ಅರ್ಥವಿವರಣೆ ಬದಲಿಸಬೇಕೆಂದು ಕಂಪನಿ ಸಹಿ ಸಂಗ್ರಹಕ್ಕೇ ಇಳಿಯಿತು. ಇದು ನಮ್ಮ ನೌಕರರಿಗೆ ಮಾಡುವ ಅವಮಾನ ಎಂಬುದು ಅದರ ವಾದ. ಸಂಬಳ ಏರಿಸುವ ಬದಲು ನಿಘಂಟು ತಿದ್ದಿಸಲು ಹೊರಟದ್ದು ಸರಿಯಲ್ಲ. ಆದರೂ ಆ ವಾದವನ್ನು ನಾನು ತಳ್ಳಿಹಾಕಲಾರೆ. ಈ ಹೆಸರು ಕಂಪನಿಯ ಆಡಳಿತ ಮಂಡಳಿಗಿಂತ ಮೊದಲು, ಕೌಂಟರಿನ ಹಿಂದೆ ನಿಂತ ಹುಡುಗಿಗೆ ತಾಗುತ್ತದೆ.

ಮತ್ತೆ ಮೈಕ್ರೋಸಾಫ್ಟಿಗೆ ಬಂದರೆ, ಡಾಲರ್ ಚಿಹ್ನೆ ಬರೆದ ಅದೇ ಗುಂಪಿನಿಂದ ಇನ್ನೊಂದು ಹೆಸರೂ ಬಂತು: ‘ವಿಂಡೋಸ್ ತೆರಿಗೆ’. ನಿಜವಾದ ಆರೋಪ ಇರುವುದು ಇಲ್ಲಿ. ಕಂಪ್ಯೂಟರ್ ತಯಾರಕರು ಮಾರುವ ಪ್ರತಿ ಯಂತ್ರಕ್ಕೂ, ಅದರಲ್ಲಿ ಮೈಕ್ರೋಸಾಫ್ಟ್ ತಂತ್ರಾಂಶ ಇರಲಿ ಬಿಡಲಿ, ಶುಲ್ಕ ಕಟ್ಟಬೇಕಾದ ಕರಾರುಗಳಿದ್ದವು. ಅಮೆರಿಕ ಸರ್ಕಾರ ಪ್ರಶ್ನಿಸಿದ ಮೇಲೆ 1994ರ ಒಪ್ಪಂದದಲ್ಲಿ ಕಂಪನಿ ಆ ಪದ್ಧತಿ ಬಿಡಲು ಒಪ್ಪಿತು. ಆದರೂ ವಿಂಡೋಸ್ ಇಲ್ಲದ ಯಂತ್ರ ಕೊಳ್ಳುವುದು ಸುಲಭವಾಗಲಿಲ್ಲ. ಷರತ್ತು ಒಪ್ಪಿಗೆಯಾಗದಿದ್ದರೆ ಹಣ ವಾಪಸ್ ಪಡೆಯಬಹುದೆಂದು ಪರವಾನಗಿಯಲ್ಲೇ ಬರೆದಿತ್ತು. ಅದನ್ನೇ ಹಿಡಿದು 1999ರ ಫೆಬ್ರುವರಿ 15ರಂದು ವಿಂಡೋಸ್ ಬದಲು ಲಿನಕ್ಸ್ ಬಳಸುವವರು ಕ್ಯಾಲಿಫೋರ್ನಿಯಾದ ಫಾಸ್ಟರ್ ಸಿಟಿಯ ಮೈಕ್ರೋಸಾಫ್ಟ್ ಕಚೇರಿಗೆ ಮೆರವಣಿಗೆ ಹೋದರು. ತಯಾರಕರನ್ನು ಕೇಳಿ ಎಂಬುದು ಕಂಪನಿಯ ಉತ್ತರ. ಹಣ ಸಿಗಲಿಲ್ಲ, ಆದರೆ ಬಳಸದ ವಸ್ತುವಿಗೆ ಯಾಕೆ ದುಡ್ಡು ಕೊಡಬೇಕು ಎಂಬ ಅವರ ಪ್ರಶ್ನೆ, ಕಂಪ್ಯೂಟರ್ ಗಂಧವಿಲ್ಲದವರಿಗೂ ಅರ್ಥವಾಗುವಂತಿತ್ತು.

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಲ್ಯಾಪ್‌ಟಾಪ್ ವಿಚಾರಿಸಿದವರಿಗೆ ‘ಡಾಸ್’ ಮಾಡೆಲ್ ಎಂಬ ಮಾತು ಹೊಸದಲ್ಲ. ವಿಂಡೋಸ್ ಹಾಕದೆ ಬರುವ ಯಂತ್ರ ಅದು. ಕೊಳ್ಳುವ ಮೊದಲು ಎರಡೂ ಮಾಡೆಲ್‌ಗಳ ಬೆಲೆ ಬರೆಸಿಕೊಂಡು ವ್ಯತ್ಯಾಸ ಎಷ್ಟೆಂದು ಕೇಳಿ.