ಡ್ರಾ ಆಗದ ಆಟ

ಕೋಪನ್‌ಹೇಗನ್ ಜರ್ಮನ್ ಸೈನ್ಯದ ಹಿಡಿತದಲ್ಲಿದ್ದ ಕಾಲ. 1942ರ ಡಿಸೆಂಬರ್ 26ರಂದು ಅಲ್ಲಿನ 'ಪೊಲಿಟಿಕೆನ್' ಪತ್ರಿಕೆ ಹೊಸ ಆಟವೊಂದನ್ನು ಓದುಗರ ಮುಂದಿಟ್ಟಿತು. ಹೆಸರು ಪಾಲಿಗಾನ್. ಅದನ್ನು ಕಟ್ಟಿದವರು ಪೀಟ್ ಹೈನ್. ಅದೇ ಪತ್ರಿಕೆಗೆ 'ಕುಂಬೆಲ್' ಎಂಬ ಹೆಸರಿನಲ್ಲಿ ಪುಟ್ಟ ಪದ್ಯಗಳನ್ನು ಬರೆಯುತ್ತಿದ್ದ ಕವಿ, ಗಣಿತದ ಹುಚ್ಚು ಹತ್ತಿದ್ದವರು. ಆಡಲು ಕಾಗದ, ಪೆನ್ಸಿಲ್ ಇದ್ದರೆ ಸಾಕಿತ್ತು.

ಜೇನುಗೂಡಿನಂತೆ ಆರು ಮೂಲೆಯ ಮನೆಗಳು, ಸಾಲಿಗೆ 11ರಂತೆ ಒಟ್ಟು 121. ಎದುರುಬದುರಿನ ಎರಡು ಅಂಚು ಒಬ್ಬರಿಗೆ, ಉಳಿದೆರಡು ಇನ್ನೊಬ್ಬರಿಗೆ. ಸರದಿಯಂತೆ ಒಂದೊಂದು ಕಾಯಿ ಇಡಬೇಕು. ಇಟ್ಟ ಕಾಯಿಯನ್ನು ನಡೆಸುವಂತಿಲ್ಲ, ಹೊಡೆಯುವಂತಿಲ್ಲ. ತನ್ನ ಎರಡು ಅಂಚುಗಳ ನಡುವೆ ದಾರಿ ಕೂಡಿಸಿದವರು ಗೆದ್ದರು.

ಯಾವ ನಕ್ಷೆಗೂ ನಾಲ್ಕೇ ಬಣ್ಣ ಸಾಕೇ ಎಂಬ ಹಳೆಯ ಸಮಸ್ಯೆಯನ್ನು ಯೋಚಿಸುತ್ತಿದ್ದಾಗ ಹೈನ್‌ಗೆ ಈ ಆಟ ಹೊಳೆಯಿತು. ಅವರು ಮನೆಗಳಿಗೆ ಕೊಟ್ಟ ಆಕಾರದಲ್ಲೇ ನಿಜವಾದ ಆವಿಷ್ಕಾರ ಇದೆಯೆಂದು ನನಗನಿಸುತ್ತದೆ. ಚೌಕದ ಮನೆಗಳಾದರೆ ನಾಲ್ಕು ಒಂದೇ ಬಿಂದುವಿನಲ್ಲಿ ಕೂಡುತ್ತವೆ. ಅಲ್ಲಿ ಕಪ್ಪು, ಬಿಳಿ ಕಾಯಿಗಳು ಓರೆಯಾಗಿ ಕೂತರೆ ಇಬ್ಬರ ದಾರಿಯೂ ಕಟ್ಟಿಹೋಗುತ್ತದೆ. ಆರು ಮೂಲೆಯ ಮನೆಗಳಲ್ಲಿ ಒಂದು ಬಿಂದುವಿಗೆ ಮೂರೇ ಮನೆ. ಮೂರೂ ತುಂಬಿದಾಗ ಎರಡರಲ್ಲಾದರೂ ಒಂದೇ ಬಣ್ಣ ಇರಲೇಬೇಕು, ಆ ಎರಡೂ ತಾಗಿಕೊಂಡೇ ಇರುತ್ತವೆ. ಹಾಗಾಗಿ ಎದುರಾಳಿಯ ದಾರಿಯನ್ನು ಪೂರ್ತಿ ತಡೆಯಬೇಕಾದರೆ ನಮ್ಮ ದಾರಿ ಮುಗಿಸುವುದೊಂದೇ ಉಪಾಯ. ಇಲ್ಲಿ ಡ್ರಾ ಎಂಬುದೇ ಇಲ್ಲ.

1948ರ ಹೊತ್ತಿಗೆ ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಗಣಿತಜ್ಞ ಜಾನ್ ನ್ಯಾಶ್ ತಾವಾಗಿಯೇ ಇದೇ ಆಟವನ್ನು ಕಂಡುಕೊಂಡರು. ಗೆಳೆಯ ಡೇವಿಡ್ ಗೇಲ್ ಹಲಗೆ ಮಾಡಿಕೊಟ್ಟರು. ನ್ಯಾಶ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಎರಡನೆಯವರಿಗೆ ಖಚಿತ ಗೆಲುವಿನ ತಂತ್ರ ಇದೆಯೆಂದೇ ಇಟ್ಟುಕೊಳ್ಳಿ. ಮೊದಲಿನವರು ಎಲ್ಲೋ ಒಂದು ಕಾಯಿ ಇಟ್ಟು, ಆಮೇಲೆ ಅದೇ ತಂತ್ರವನ್ನು ತಾವು ಬಳಸಬಹುದು. ಈ ಆಟದಲ್ಲಿ ಹೆಚ್ಚಿನ ಕಾಯಿಯಿಂದ ಎಂದೂ ನಷ್ಟವಿಲ್ಲ. ಇಬ್ಬರೂ ಗೆಲ್ಲುವುದು ಸಾಧ್ಯವಿಲ್ಲವಲ್ಲ! ಅಂದರೆ ಎರಡನೆಯವರಿಗೆ ಅಂಥ ತಂತ್ರ ಇರಲಾರದು. ಡ್ರಾ ಕೂಡ ಇಲ್ಲದ ಮೇಲೆ, ತಪ್ಪಿಲ್ಲದೆ ಆಡಿದರೆ ಗೆಲುವು ಮೊದಲಿನವರದೇ. ಆದರೆ ಯಾವ ಮನೆಯಲ್ಲಿ ಕಾಯಿ ಇಟ್ಟು ಗೆಲ್ಲಬೇಕು ಎಂಬುದನ್ನು ಈ ತರ್ಕ ಹೇಳುವುದೇ ಇಲ್ಲ. ಎಂಥ ಸೊಗಸಾದ ವಾದ!

1952ರಲ್ಲಿ ಆಟಗಳ ಕಂಪನಿ ಪಾರ್ಕರ್ ಬ್ರದರ್ಸ್ ಈ ಆಟವನ್ನು 'ಹೆಕ್ಸ್' ಎಂದು ಮಾರುಕಟ್ಟೆಗೆ ತಂದಿತು. 1957ರಲ್ಲಿ ಗಣಿತದ ಅಂಕಣಕಾರ ಮಾರ್ಟಿನ್ ಗಾರ್ಡ್ನರ್ ಅದರ ಬಗ್ಗೆ ಬರೆದ ಮೇಲೆ ಅದರ ಹೆಸರು ದೂರದೂರಕ್ಕೆ ಹಬ್ಬಿತು. ಹಲಗೆ ಮಾಡಿಕೊಟ್ಟಿದ್ದ ಗೇಲ್ 1979ರಲ್ಲಿ, ಹೆಕ್ಸ್‌ನಲ್ಲಿ ಡ್ರಾ ಇಲ್ಲ ಎಂಬ ಮಾತೂ ಗಣಿತದ ಪ್ರಖ್ಯಾತ ಬ್ರೌವರ್ ಸ್ಥಿರಬಿಂದು ಪ್ರಮೇಯವೂ ಒಂದರಿಂದ ಒಂದನ್ನು ಸಾಧಿಸಬಹುದಾದಂಥವು ಎಂದು ತೋರಿಸಿದರು. ನ್ಯಾಶ್ 1951ರ ಪ್ರಬಂಧದಲ್ಲಿ, ಮುಂದೆ ತಮಗೆ ನೊಬೆಲ್ ತಂದುಕೊಟ್ಟ, ಆಟಗಳಲ್ಲಿನ ಸಮತೋಲನ ಇದ್ದೇ ಇರುತ್ತದೆಂದು ಸಾಧಿಸಲು ಆಧಾರವಾಗಿಟ್ಟುಕೊಂಡಿದ್ದು ಇದೇ ಪ್ರಮೇಯವನ್ನು.